ಸೂಪರ್‌ವೈಸರಮ್ಮ ಯುರೋಪಿಗೆ ಬರೆಸಿದ್ದು

ಹನ್ನೊಂದು ಹೆಂಗಸರ ಭಾರಕ್ಕೆ ಲಿಫ್ಟು ನಡುವೆಯೇ ನಿಂತುಬಿಡಬಹುದಿತ್ತು. ಎಷ್ಟು ತೊಳೆದರೂ ಅವರ ಕೈಯಿಂದ ಹೋಗದ ಸಿಗಡಿಯ ವಾಸನೆ ವರಾಂಡದಲ್ಲೆಲ್ಲ ಉಳಿದು, ಅಪಾರ್ಟ್‌ಮೆಂಟಿನ ಸೆಕ್ರೆಟರಿ ಬಂದು ಬಾಗಿಲು ಬಡಿಯಬಹುದಿತ್ತು. ಹನ್ನೊಂದರಲ್ಲಿ ಒಬ್ಬಳು ಮಾಲೀಕರ ಕಡೆಯವಳಾಗಿರಬಹುದಿತ್ತು. ಲ್ಯಾಪ್‌ಟಾಪು ಕೈಕೊಡಬಹುದಿತ್ತು. ನನ್ನ ಇಂಗ್ಲಿಷ್ ಓದಿ ಯುರೋಪಿನವರು ಬಿದ್ದು ಬಿದ್ದು ನಗಬಹುದಿತ್ತು. ಇದೆಲ್ಲ ಹೇಗೋ ನಮ್ಮ ಬ್ಯಾಂಕಿನ ವಿಜಿಲೆನ್ಸಿಗೆ ತಿಳಿದು, ಐವತ್ತೆರಡನೆಯ ವಯಸ್ಸಿನಲ್ಲಿ ನನ್ನನ್ನು ಹೆಸರೇ ಕೇಳಿರದ ಯಾವುದೋ ಶಾಖೆಗೆ ಎತ್ತಿ ಹಾಕಬಹುದಿತ್ತು. ವಿಶಾಖಪಟ್ಟಣದ ನಮ್ಮ ನಾಲ್ಕನೆಯ ಮಹಡಿಯ ಮನೆಯಲ್ಲಿ, ಒಂದು ಭಾನುವಾರ ಬೆಳಿಗ್ಗೆ, ನಾನು ಇಷ್ಟನ್ನೂ ಯೋಚಿಸಿ ಬೆವರುವಷ್ಟರಲ್ಲಿ ಸೂಪರ್‌ವೈಸರಮ್ಮ ಒಳಗೆ ಬಂದರು. ನನ್ನ ಹೆಂಡತಿ ಕೊಟ್ಟ ಕಾಫಿಯ ಲೋಟವನ್ನು ಮೂಗಿಗೆ ಹಿಡಿದು ಕಣ್ಣು ಮುಚ್ಚಿದರು.

“ಹಾಲು ನಿನ್ನೇದು ಕಣಮ್ಮಾ,” ಎಂದರು.

ನಿನ್ನೆಯದೇ.

ಅಗಲವಾದ, ತುದಿ ಸದಾ ಕೆಂಪಗಿರುತ್ತಿದ್ದ ಮೂಗು. ಇಪ್ಪತ್ತಾರು ವರ್ಷ ಐಸಿನ ಮೇಲೆ ಬಾಗಿ ಬಾಗಿ ಆ ಕೆಂಪು ಬಂದಿತ್ತು. ನಮ್ಮ ಕೆಳಗಿನ ಮನೆಯವರು. ಹುಟ್ಟಿದ್ದು ಮುಳಬಾಗಿಲಿನಲ್ಲಿ, ಸೇರಿದ್ದು ಬಂದರಿನಲ್ಲಿ ಗುಮಾಸ್ತರಾಗಿದ್ದ ತೆಲುಗಿನವರ ಮನೆ. ಗಂಡ ಬೇಗ ತೀರಿಕೊಂಡ ಮೇಲೆ ಸಿಗಡಿ ಫ್ಯಾಕ್ಟರಿಗೆ ಸಿಪ್ಪೆ ಬಿಡಿಸಲು ಸೇರಿ, ಮೂಗಿನ ಬಲದಿಂದಲೇ ಸೂಪರ್‌ವೈಸರ್ ಆದವರು. ಬುಟ್ಟಿಗಳನ್ನು ಸಾಲಾಗಿ ಇಟ್ಟರೆ ನಡೆದುಕೊಂಡು ಹೋಗುತ್ತಲೇ “ಇದು, ಇದು, ಆ ಮೂಲೇದು” ಎಂದು ಹಳೆಯ ಮಾಲನ್ನು ಎತ್ತಿಸುತ್ತಿದ್ದರಂತೆ. ಕೆಲಸ ಹೇಳುವುದೆಲ್ಲ ತೆಲುಗಿನಲ್ಲಿ. ಬೈಯುವುದಕ್ಕೆ ಮಾತ್ರ ಕನ್ನಡ. ಹೀಗಾಗಿ ಆ ಫ್ಯಾಕ್ಟರಿಯ ಹೆಂಗಸರಿಗೆ ಬರುತ್ತಿದ್ದ ಕನ್ನಡವನ್ನು ಇಲ್ಲಿ ಅಚ್ಚು ಹಾಕಿಸುವಂತಿಲ್ಲ. ನಾನು ಬರೀ ಆಫೀಸರನಾಗಿದ್ದರೂ ನನ್ನನ್ನು “ಮ್ಯಾನೇಜರ್ ಸಾರ್” ಎಂದೇ ಕರೆಯುತ್ತಿದ್ದರು. ಆ ಬಡ್ತಿ ಬ್ಯಾಂಕು ಕೊಡದಿದ್ದದ್ದು, ಅದಕ್ಕೇ ತಿದ್ದಲು ಹೋಗಲಿಲ್ಲ.

ಸಿಗಡಿಯನ್ನು ಹೆಪ್ಪುಗಟ್ಟಿಸುವ ಯಂತ್ರಗಳಲ್ಲಿ ಅಮೋನಿಯಾ ಓಡುತ್ತದೆ. ಅದು ಸೋರಿದರೆ ಕೂಗಬೇಕಾದ ಸೈರನ್ ಕೆಟ್ಟು ಎರಡು ವರ್ಷವಾಗಿತ್ತು. ಮಾಲು ಕದ್ದು ಸಾಗಿಸಿಯಾರೆಂದು ಹಿಂದಿನ ಬಾಗಿಲಿಗೆ ಹೊರಗಿನಿಂದ ಬೀಗ. ಸೂಪರ್‌ವೈಸರಮ್ಮನಿಗೆ ಘಾಟು ಹೆಚ್ಚಾಯಿತು ಅನ್ನಿಸಿದರೆ ಎರಡು ಸಲ ಜೋರಾಗಿ ಚಪ್ಪಾಳೆ ತಟ್ಟುತ್ತಿದ್ದರು. ಹೆಂಗಸರು ಕೈಯಲ್ಲಿದ್ದುದನ್ನು ಅಲ್ಲೇ ಬಿಟ್ಟು ಮುಂಬಾಗಿಲಿಗೆ ಓಡುತ್ತಿದ್ದರು. ಮೂರು ಸಲ ಹಾಗೆ ಓಡಿದ್ದರು. ಫ್ಯಾಕ್ಟರಿಯೊಂದರ ವಿಷಗಾಳಿ ಸೋರಿ ಜನ ಸತ್ತದ್ದನ್ನು ಕಂಡ ವಿಶಾಖಪಟ್ಟಣದಲ್ಲಿ ಗ್ಯಾಸ್ ಎಂದರೆ ಏನೆಂದು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ.

“ಮಾಲೀಕರಿಗೆ ಹೇಳಲಿಲ್ವಾ?” ಎಂದು ಕೇಳಿದ್ದೆ.

“ಹೇಳ್ದೆ ಸಾರ್. ‘ನಿನ್ ಮೂಗೈತಲ್ಲಮ್ಮಾ, ಸೈರನ್ ಯಾಕೆ?’ ಅಂತಾನೆ. ಹೊಗಳ್ದಂಗೆ ಹೇಳ್ತಾನೆ ನೋಡಿ, ಅದೇ ನಂಗೆ ಭಯ.”

ಯುರೋಪು ಬಂದದ್ದು ಹೀಗೆ. ತಮ್ಮಲ್ಲಿಗೆ ಮಾಲು ಕಳಿಸುವ ಕಂಪನಿಗಳು ಕೆಲಸಗಾರರನ್ನು ಹೇಗೆ ನಡೆಸಿಕೊಳ್ಳಬೇಕೆಂದು ಅಲ್ಲಿನವರು ಹೊಸ ನಿಯಮ ಮಾಡುತ್ತಿದ್ದರು. ಅದನ್ನು ರಫ್ತುದಾರರಿಗೆ ತಿಳಿಸಲು ವಿಜಯವಾಡದ ಹೋಟೆಲೊಂದರಲ್ಲಿ ಸಭೆ. ಕೆಲಸಗಾರರ ಕಡೆಯಿಂದ ಒಬ್ಬರಿರಲಿ ಎಂದು ಮಾಲೀಕರು ಸೂಪರ್‌ವೈಸರಮ್ಮನನ್ನು ಹೊಸ ಸೀರೆ ಉಡಿಸಿ ಕರೆದೊಯ್ದರು. ಅಲ್ಲಿ ಮಾತಾಡಿದ ವಿದೇಶಿ ಹೆಂಗಸು, ಈ ನಿಯಮದ ಬಗ್ಗೆ ಜಗತ್ತಿನ ಯಾವ ಮೂಲೆಯಿಂದ ಯಾರು ಬೇಕಾದರೂ ನಮ್ಮ ಜಾಲತಾಣಕ್ಕೆ ಅಭಿಪ್ರಾಯ ಬರೆಯಬಹುದು ಎಂದಳಂತೆ. ಉಳಿದವರೆಲ್ಲ ಊಟಕ್ಕೆ ಎದ್ದರು. ಸೂಪರ್‌ವೈಸರಮ್ಮ ವಿಳಾಸವನ್ನು ಕೈ ಒರೆಸುವ ಕಾಗದದ ಮೇಲೆ ಬರೆಸಿಕೊಂಡು ಬಂದರು.

ಹೀಗೆ ಆ ಭಾನುವಾರ ಹನ್ನೊಂದು ಮಂದಿ ನಮ್ಮ ನಡುಮನೆಯ ನೆಲದ ಮೇಲೆ ಕೂತಿದ್ದರು. ಅವರು ಹೇಳುವುದು, ಸೂಪರ್‌ವೈಸರಮ್ಮ ಕನ್ನಡ ಮಾಡುವುದು, ನಾನು ಇಂಗ್ಲಿಷ್ ಮಾಡುವುದು.

“ಸಾರ್, ನಾ ಪೇರು ಒದ್ದು,” ಎಂದಳು ಎಲ್ಲರಿಗಿಂತ ಹಿರಿಯಳು. ಹೆಸರು ಬೇಡವೆಂದು ಕೈಮುಗಿದಳು. ಹನ್ನೊಂದು ಮಂದಿಯೂ ಕೈಮುಗಿದರು.

“ಕಳಿಸೋರದ್ದೊಂದು ಹೆಸರು ಬೇಕೇಬೇಕಂತೆ,” ಎಂದೆ.

“ನಂದು ಹಾಕಿ. ಆದ್ರೆ ಹೊರಗೆ ಕಾಣ್ಬಾರ್ದು. ಹಂಗೆ ಆಗ್ತದಾ?”

“ಆಗತ್ತೆ. ಅವರಿಗೆ ಮಾತ್ರ ಗೊತ್ತಿರತ್ತೆ, ಹೊರಗೆ ಅನಾಮಧೇಯ ಅಂತ ಬರತ್ತೆ.”

“ಹಂಗಾದ್ರೆ ಸರಿ. ಇನ್ನೂ ಎರಡು ವರ್ಷ ಸರ್ವೀಸ್ ಐತೆ ಸಾರ್. ಅಷ್ಟ್ರೊಳಗೆ ಆ ಬೀಗ ತೆಗೆಸಿಬಿಟ್ರೆ ನಾನು ನಿದ್ದೆ ಮಾಡ್ಕೋತೀನಿ.” ನನ್ನ ಮುಖ ನೋಡಿ ನಕ್ಕರು. “ನೀವ್ಯಾಕೆ ಸಾರ್ ಹಿಂಗೆ ಬೆವರ್ತೀರಾ? ಯುರೋಪ್‌ನೋರು ವಿಮಾನ ಹತ್ಕೊಂಡು ನಿಮ್ಮನ್ ಹಿಡಿಯಕ್ಕೆ ಬರ್ತಾರಾ?”

ಸೈರನ್, ಬೀಗ, ಮೂರು ಸಲದ ಓಟ ಎಲ್ಲವನ್ನೂ ಓದಿ ಹೇಳಿದೆ. ತಲೆಯಾಡಿಸಿದರು. ಹೆಂಗಸರನ್ನು ಇಬ್ಬಿಬ್ಬರಾಗಿ ಕೆಳಗೆ ಕಳಿಸಲು ತಾವೂ ಹೊರಟರು. ಅವರು ಹಿಂದಿರುಗುವಷ್ಟರಲ್ಲಿ ನಾನು ಅಭಿಪ್ರಾಯವನ್ನು ಯುರೋಪಿಗೆ ಕಳಿಸಿಯಾಗಿತ್ತು.

ಹದಿನೈದು ದಿನ ಏನೂ ಆಗಲಿಲ್ಲ. ನನ್ನಂಥವನಿಗೆ ಏನೂ ಆಗದ ದಿನಗಳೇ ಹೆಚ್ಚು ಕಷ್ಟ. ಹದಿನಾರನೆಯ ದಿನ ಮಾಲೀಕರು ಸೂಪರ್‌ವೈಸರಮ್ಮನನ್ನು ಕರೆಸಿ, ಜಾಲತಾಣದಿಂದ ಇಳಿಸಿದ ಒಂದು ಹಾಳೆಯನ್ನು ಮೇಜಿನ ಮೇಲಿಟ್ಟರು. ತಲೆಯಲ್ಲಿ ಆಕೆಯ ಪೂರ್ತಿ ಹೆಸರಿತ್ತು. ಮಧ್ಯಾಹ್ನದ ಹೊತ್ತಿಗೆ ಆಕೆ ಕೆಲಸ ಕಳೆದುಕೊಂಡು ಗೇಟಿನ ಹೊರಗಿದ್ದರು.

ಸಂಜೆ ನಮ್ಮ ಬಾಗಿಲಲ್ಲಿ ನಿಂತು ಕೇಳಿದರು. “ಹೊರಗೆ ಕಾಣಲ್ಲ ಅಂದಿದ್ರಲ್ಲ ಸಾರ್. ಹೆಂಗೆ ಬಂತು?”

“ಕಂಪ್ಯೂಟರ್ ತಪ್ಪಿರಬೇಕು ಅಮ್ಮಾ,” ಎಂದೆ.

ಸೆರಗಿನಲ್ಲಿ ಮೂಗು ಒರೆಸಿಕೊಂಡರು. “ಪರ್ವಾಲೇದು ಬಿಡಿ. ನೀವೇನ್ ಮಾಡ್ತೀರಾ ಪಾಪ,” ಎಂದು ಇಳಿದು ಹೋದರು.

ಯುರೋಪಿನಿಂದ ಒಂದು ಸಾಲಿನ ಉತ್ತರ ಬಂತು: ತಮ್ಮ ಅಭಿಪ್ರಾಯಕ್ಕೆ ಧನ್ಯವಾದಗಳು. ಬೀಗವನ್ನು ವಿದೇಶಿಯರು ನೋಡಲು ಬರುವ ದಿನ ಮಾತ್ರ ತೆಗೆಯುತ್ತಾರೆ, ಅವರ ಕಾರು ಗೇಟು ದಾಟುತ್ತಲೇ ಮತ್ತೆ ಹಾಕುತ್ತಾರೆ. ಇದನ್ನು ಫೋನಿನಲ್ಲಿ ಹೇಳಿದವಳು ಅಂದು ಮೊದಲು ಕೈಮುಗಿದ ಆ ಹಿರಿಯಳು. ಅಮ್ಮನ ಜಾಗಕ್ಕೆ ಒಬ್ಬ ಹುಡುಗಿಯನ್ನು ಹಾಕಿದ್ದಾರಂತೆ, ಅವಳಿಗೆ ಸದಾ ನೆಗಡಿಯಂತೆ.

“ಘಾಟು ಬಂದರೆ ನಿಮಗೇ ಗೊತ್ತಾಗಲ್ವಾ?” ಎಂದು ನನಗೆ ಬರುವ ಅರೆಬರೆ ತೆಲುಗಿನಲ್ಲಿ ಕೇಳಿದೆ.

“ಘಾಟು ದಿನಾ ಇರತ್ತೆ ಸಾರ್. ಓಡೋವಷ್ಟು ಯಾವುದು ಅನ್ನೋದು ಅಮ್ಮನಿಗೇ ಗೊತ್ತಾಗ್ತಿದ್ದದ್ದು.”

ಅವಳ ಫೋನು ಬಂದಾಗಲೆಲ್ಲ ಈಗಲೂ ಎರಡು ರಿಂಗು ತಡೆದೇ ಎತ್ತುತ್ತೇನೆ.

ಕೆಲಸ ಹೋದ ಮೇಲೆ ಸೂಪರ್‌ವೈಸರಮ್ಮ ವಿಜಯವಾಡದ ಮಗಳ ಮನೆ ಸೇರಿದರು. ನನಗೂ ಅಲ್ಲಿಗೇ ವರ್ಗವಾಯಿತು. ಹೋದ ವರ್ಷ ಅವರಿಗೆ ಕಿಡ್ನಿ ಕೈಕೊಟ್ಟು ಬೆಂಜ್ ಸರ್ಕಲ್ ಹತ್ತಿರದ ಆಸ್ಪತ್ರೆಯಲ್ಲಿ ಮಲಗಿದ್ದಾಗ ನೋಡಲು ಹೋಗಿದ್ದೆ. ಹೇಳಿಬಿಡಬೇಕೆಂದೇ ಹೋಗಿದ್ದೆ. “ಬೀಗ ತೆಗೆದ್ರಾ ಸಾರ್?” ಎಂದರು. “ತೆಗೆದರು ಅಮ್ಮಾ,” ಎಂದೆ. ನಾಲ್ಕು ದಿನಕ್ಕೆ ಹೋಗಿಬಿಟ್ಟರು.

ಹೇಳಬೇಕಾಗಿದ್ದು ಇಷ್ಟೇ. ಲಿಫ್ಟು ನಿಲ್ಲಲಿಲ್ಲ, ಸೆಕ್ರೆಟರಿ ಬರಲಿಲ್ಲ, ಲ್ಯಾಪ್‌ಟಾಪು ಕೈಕೊಡಲಿಲ್ಲ. ಆ ಜಾಲತಾಣದ ಪುಟದ ಕೊನೆಯಲ್ಲಿ ಎರಡು ಪುಟ್ಟ ವೃತ್ತಗಳಿದ್ದವು. ಒಂದರ ಮುಂದೆ ಅನಾಮಧೇಯ ಎಂದಿತ್ತು, ಇನ್ನೊಂದರ ಮುಂದೆ ಹೆಸರಿನೊಂದಿಗೆ ಎಂದಿತ್ತು. ಮೊದಲನೆಯದನ್ನೇ ಒತ್ತಿದ್ದೆ. ಆಮೇಲೆ ಯೋಚನೆ ಶುರುವಾಯಿತು. ಹೆಸರಿಲ್ಲದ ಎಷ್ಟು ದೂರುಗಳನ್ನು ಬ್ಯಾಂಕಿನಲ್ಲಿ ನಾನೇ ಓದದೆ ಬುಟ್ಟಿಗೆ ಹಾಕಿಲ್ಲ? ಅಲ್ಲಿಯೂ ಮೇಜಿನ ಹಿಂದೆ ನನ್ನಂಥವನೇ ಒಬ್ಬ ಕೂತಿದ್ದರೆ? ಲಿಫ್ಟು ಮೇಲೆ ಬರುವ ಸದ್ದು ಕೇಳಿಸಿತು. ಅವಸರದಲ್ಲಿ ಎರಡನೆಯದನ್ನು ಒತ್ತಿದೆ.