ವಾಲ್ವ್ ಮೇಷ್ಟ್ರು ಕತ್ತರಿಸಿದ ತಂತಿ

ಹಾಡುವಾಗ ಆಕೆಯ ತುಟಿ ಮೈಕಿಗೆ ತಾಗುತ್ತದೆಯೋ ಇಲ್ಲವೋ? ಮಧ್ಯಾಹ್ನ ಮಗುವಿನ ಮುಷ್ಟಿ ಬಿಡಿಸಿದಾಗಿನಿಂದ ಅವಳ ತಲೆಯನ್ನು ಇದೊಂದೇ ಕೊರೆಯುತ್ತಿತ್ತು. ಕೆಲವರು ಗೇಣು ದೂರ ನಿಂತು ಹಾಡುತ್ತಾರೆ. ಕೆಲವರು ಮೈಕನ್ನು ನುಂಗಿಯೇ ಬಿಡುವಷ್ಟು ಹತ್ತಿರ ಬರುತ್ತಾರೆ. ಅಪ್ಪ ಕಟ್ಟಿದ ಆಂಪ್ಲಿಫೈಯರ್ ಒಯ್ದ ಆ ಗಾಯಕಿ ಯಾವ ಪೈಕಿಯೋ. ಬೆರಳು ಗಿಟಾರಿನ ಮೇಲೆ, ತುಟಿ ಮೈಕಿನ ಮೇಲೆ. ಕರೆಂಟಿಗೆ ಅಷ್ಟು ದಾರಿ ಧಾರಾಳ ಸಾಕು.

ಮುಷ್ಟಿಯಲ್ಲಿ ಸಿಕ್ಕಿದ್ದು ಅಂಗುಲ ಉದ್ದದ ವೈರಿನ ತುಂಡು. ಹತ್ತು ತಿಂಗಳ ಮಗು, ಕೈಗೆ ಸಿಕ್ಕಿದ್ದೆಲ್ಲ ಬಾಯಿಗೆ. ಗಂಟಲಿಗೆ ಸಿಕ್ಕಿಕೊಂಡಿದ್ದರೆ ಗತಿಯೇನು ಎಂದು ಮೊದಲು ಮಗುವಿನ ಬಾಯೊಳಗೆ ಬೆರಳಾಡಿಸಿದಳು. ಆಮೇಲೆ ಬಣ್ಣ ನೋಡಿದಳು. ಹಸಿರು ಹಳದಿ ಪಟ್ಟೆ. ಅಪ್ಪನ ಕೆಲಸದ ಕೋಣೆಯಲ್ಲಿ ಆ ಪಟ್ಟೆಯ ವೈರಿಗೆ ಒಂದೇ ಉಪಯೋಗ: ಪ್ಲಗ್ಗಿನ ದೊಡ್ಡ ಪಿನ್ನಿಗೆ, ಅಂದರೆ ಅರ್ಥಿಂಗಿಗೆ.

ಗಿಟಾರ್ ನುಡಿಸುವವರೆಲ್ಲ ಅಪ್ಪನನ್ನು ವಾಲ್ವ್ ಮೇಷ್ಟ್ರು ಎಂದೇ ಕರೆಯುತ್ತಿದ್ದರು. ಹಳೆಯ ರೇಡಿಯೊಗಳು ಮೂಲೆ ಸೇರಿದರೂ ಅವುಗಳ ಹೊಟ್ಟೆಯಲ್ಲಿ ಕೆಂಪಗೆ ಕಾಯುವ ಗಾಜಿನ ವಾಲ್ವುಗಳ ಮೋಹ ಅವರನ್ನು ಬಿಡಲಿಲ್ಲ. ಅವನ್ನಿಟ್ಟುಕೊಂಡೇ ಗಿಟಾರಿಗೆ ಆಂಪ್ಲಿಫೈಯರ್ ಕಟ್ಟತೊಡಗಿದರು. ತಗಡು ಬಗ್ಗಿಸುವುದು, ಟ್ರಾನ್ಸ್‌ಫಾರ್ಮರ್ ಸುತ್ತುವುದು, ಬೆಸುಗೆ ಹಾಕುವುದು, ಎಲ್ಲ ಸ್ವಂತ ಕೈಯಿಂದಲೇ. ಬೇರೆಯವರು ಕಟ್ಟಿದ ಡಬ್ಬಿ ಆನ್ ಮಾಡಿದರೆ ಜೀರುಂಡೆ ಸಾಕಿದಂತೆ ಗುಂಯ್ ಎನ್ನುತ್ತಿತ್ತು. ಅಪ್ಪನದು ಆನ್ ಆಗಿದೆಯೋ ಇಲ್ಲವೋ ಎಂದು ಜನ ಬಗ್ಗಿ ದೀಪ ನೋಡುತ್ತಿದ್ದರು.

ಆ ಗುಂಯ್ ಸದ್ದು ಓಡಿಸಲು ಸುಲಭದ ಕಳ್ಳದಾರಿಯೊಂದಿದೆ: ಅರ್ಥಿಂಗ್ ವೈರು ಕತ್ತರಿಸಿಬಿಡುವುದು. ಸದ್ದು ಆ ಕ್ಷಣವೇ ಮಾಯ. ಆದರೆ ಒಳಗೆ ಎಂದಾದರೂ ಕರೆಂಟು ಸೋರಿದರೆ ಅದಕ್ಕೆ ನೆಲ ಸೇರುವ ದಾರಿಯಿರುವುದಿಲ್ಲ. ತಗಡಿಗೆ ಬರುತ್ತದೆ, ತಗಡಿನಿಂದ ಗಿಟಾರಿನ ತಂತಿಗೆ, ತಂತಿಯಿಂದ ನುಡಿಸುವವರ ಮೈಗೆ. ಹಿಂದೊಮ್ಮೆ ಅಂಗಡಿಯ ಪಾಲುದಾರ ಗಿರಾಕಿಯ ಅವಸರಕ್ಕೆ ಹೀಗೆ ಮಾಡಿದ್ದ. ಅಪ್ಪ ಅವನೆದುರಿಗೇ ವೈರನ್ನು ಮತ್ತೆ ಬೆಸೆದು, "ನಾಳೆಯಿಂದ ನೀನು ಬರೋದು ಬೇಡ" ಎಂದರು. ಹದಿನಾಲ್ಕು ವರ್ಷದ ಜೊತೆ ಅಲ್ಲಿಗೆ ಮುಗಿಯಿತು.

ಆಮೇಲೆ ಅಪ್ಪನ ಕಿವಿ ಹೋಯಿತು. ಕಿವಿಗೆ ಹಾಕಿದ ಮೆಷಿನ್ನು ಟ್ರಾನ್ಸ್‌ಫಾರ್ಮರಿನ ಹತ್ತಿರ ಬಂದರೆ ತಾನೇ ಗುಂಯ್ಗುಡುತ್ತಿತ್ತು. ಸದ್ದು ಡಬ್ಬಿಯದೋ ಕಿವಿಯದೋ ಅವರಿಗೆ ತಿಳಿಯುತ್ತಿರಲಿಲ್ಲ. ಹೆರಿಗೆಯಾದ ಮೇಲೆ ಅವಳು ಗಂಡನ ಜೊತೆ ಇದೇ ಮನೆಗೆ ಬಂದಿದ್ದಳು, ಹಾಗಾಗಿ ಕೇಳುವ ಕೆಲಸ ಅವಳ ಪಾಲಿಗೆ ಬಂತು. "ಏ ಕಿವಿ, ಬಾ ಇಲ್ಲಿ" ಎಂದು ಅಪ್ಪ ಕೂಗುತ್ತಿದ್ದರು. ಅವಳು ಮಗುವನ್ನು ಸೊಂಟಕ್ಕೇರಿಸಿಕೊಂಡು ಹೋಗಿ ಸ್ಪೀಕರಿಗೆ ಕಿವಿಗೊಡುತ್ತಿದ್ದಳು.

ಗಾಯಕಿ ಕೇಳಿದ್ದು ಎರಡು ಡಬ್ಬಿ: ಒಂದು ಆಂಪ್ಲಿಫೈಯರ್, ಇನ್ನೊಂದು ದನಿಯನ್ನು ಮಾರ್ದನಿಸುವ ಎಕೋ ಪೆಟ್ಟಿಗೆ. ಒಂದೊಂದನ್ನೇ ಹಾಕಿದರೆ ಮೌನ. ಎರಡನ್ನೂ ಕೇಬಲ್ಲಿನಿಂದ ಜೋಡಿಸಿದರೆ ಗುಂಯ್. ಎರಡಕ್ಕೂ ಅರ್ಥಿಂಗ್ ಇದ್ದುದರಿಂದ ಕೇಬಲ್ಲೂ ಸೇರಿ ಬಳೆಯಂಥ ಒಂದು ಸುತ್ತು ಆಗುತ್ತಿತ್ತು. ಆ ಬಳೆಯಲ್ಲಿ ಸದ್ದು ಗಿರಕಿ ಹೊಡೆಯುತ್ತಿತ್ತು. ಪೆಟ್ಟಿಗೆಯೊಳಗೆ ಸರಿಯಾದ ಜಾಗದಲ್ಲಿ ಕರೆಂಟಿನ ಓಟ ತಗ್ಗಿಸುವ ಪುಟ್ಟ ರೆಸಿಸ್ಟರ್ ಕೂರಿಸಿದರೆ ಬಳೆ ಅಪಾಯವಿಲ್ಲದೆ ಮುರಿಯುತ್ತದೆಂದು ಅವಳಿಗೆ ಹೇಳಿಕೊಟ್ಟವರೂ ಅಪ್ಪನೇ. ಈಗ ಅವರ ಕೈ ನಡುಗಿ ಬೆಸುಗೆ ಪಕ್ಕಕ್ಕೆ ಹರಿಯುತ್ತಿತ್ತು. ಏಳು ವಾರ ಬಿಚ್ಚಿದರು, ಜೋಡಿಸಿದರು.

"ಈಗ?"

"ಇದೆ ಅಪ್ಪ."

"ಈಗ?"

"ಇನ್ನೂ ಇದೆ."

ಮಗು ಕೊಸರಾಡುತ್ತಿದ್ದ ಒಂದು ದಿನ ಅವಳು ರೇಗಿದಳು. "ಇದು ಹೋಗಲ್ಲ ಅಪ್ಪ. ನಿನ್ನ ಕೈಲಿ ಆಗಲ್ಲ ಅಂತ ಗಾಯಕಿಗೆ ಹೇಳಿ ಕಳಿಸಿಬಿಡು." ಮರುದಿನ ಸದ್ದು ಇರಲಿಲ್ಲ. "ಇಲ್ಲ ಅಪ್ಪ, ಒಂಚೂರೂ ಇಲ್ಲ" ಎಂದಾಗ ಅಪ್ಪ ನಗಲಿಲ್ಲ, ತಲೆಯಾಡಿಸಿದರು ಅಷ್ಟೇ. ಮೊನ್ನೆ ಗಾಯಕಿ ಬಂದು ಎರಡನ್ನೂ ಒಯ್ದಳು. ಇವತ್ತು ಸಂಜೆ ಆರಕ್ಕೆ ಆಕೆಯ ಕಾರ್ಯಕ್ರಮ.

ವೈರಿನ ತುಂಡು ಹಿಡಿದು ಅವಳು ಕೋಣೆಗೆ ಹೋದಳು.

"ಅಪ್ಪ, ಇದು ಯಾವುದರದ್ದು?"

ಅಪ್ಪ ಕನ್ನಡಕ ಹಣೆಗೇರಿಸಿದರು. "ಎಲ್ಲಿ ಸಿಕ್ತು?"

"ಮಗು ಕೈಯಲ್ಲಿ. ಯಾವುದರದ್ದು ಹೇಳು."

"ನೂರು ತುಂಡು ಬಿದ್ದಿರ್ತಾವೆ ಇಲ್ಲಿ. ಗುಡಿಸೋರು ಸರಿಯಾಗಿ ಗುಡಿಸ್ಬೇಕು."

"ಗುಡಿಸೋಳು ನಾನೇ. ಗಾಯಕಿ ಆಂಪ್ಲಿಫೈಯರಿಂದ ಕತ್ತರಿಸಿದ್ದಾ?"

ಅಪ್ಪ ಕೇಳಿಸದವರಂತೆ ಕಿವಿಯ ಮೆಷಿನ್ನು ತಿರುವಿದರು. ಆ ಆಟ ಅವಳಿಗೆ ಗೊತ್ತು. ಎದುರಿಗೆ ಕುಕ್ಕರಗಾಲಲ್ಲಿ ಕೂತು, ತುಟಿ ಕಾಣುವಂತೆ ಮತ್ತೆ ಕೇಳಿದಳು.

"ಹೌದು" ಎಂದರು.

"ಮರೆತು ಮಾಡಿದ್ಯಾ?"

ಹೂಂ ಎನ್ನಲಿ ಎಂದು ಅವಳು ಹಂಬಲಿಸಿದಳು. ವಯಸ್ಸಾಯಿತು, ಅರಳುಮರಳು ಎಂದಾದರೆ ಹೇಗೋ ಸಹಿಸಿಕೊಳ್ಳಬಹುದಿತ್ತು.

"ಮರೆಯೋದೇನು. ಗೊತ್ತಿದ್ದೇ ಮಾಡ್ದೆ. ದಿನಾ ಬಂದು 'ಇದೆ, ಇದೆ' ಅಂತಿದ್ದೆ. ಒಂದ್ಸಲ ನಿನ್ನ ಬಾಯಿಂದ 'ಇಲ್ಲ' ಅನ್ನಿಸ್ಬೇಕಿತ್ತು."

ಅವಳು ವೈರಿನ ತುಂಡನ್ನು ಮೇಜಿನ ಮೇಲಿಟ್ಟಳು.

"ಎಕೋ ಪೆಟ್ಟಿಗೆಗೆ ಅರ್ಥಿಂಗ್ ಇದ್ಯಲ್ಲ," ಅಪ್ಪ ತಾವೇ ಮುಂದುವರಿಸಿದರು. "ಕರೆಂಟು ಸೋರಿದ್ರೂ ಕೇಬಲ್ಲಲ್ಲಿ ಹೋಗತ್ತೆ ಬಿಡು."

"ಕೇಬಲ್ ಕಿತ್ರೆ?"

"ಟ್ರಾನ್ಸ್‌ಫಾರ್ಮರ್ ಗಟ್ಟಿ ಇದೆ. ಸೋರೋ ಮಾತೇ ಇಲ್ಲ. ನಾನೇ ಸುತ್ತಿದ್ದು."

"ಈ ಕೈಯಲ್ಲಾ?"

ಆಡಬಾರದಿತ್ತು. ಅಪ್ಪ ಎರಡೂ ಕೈಗಳನ್ನು ಮೇಜಿನಿಂದ ತೆಗೆದು ಮಡಿಲಲ್ಲಿಟ್ಟುಕೊಂಡರು. "ನಾಳೆ ನಾನೇ ಹೋಗಿ ಹಾಕಿ ಬರ್ತೀನಿ. ಆಕೆಗೆ ಮಾತ್ರ ಹೇಳ್ಬೇಡ. ಹೇಳಿದ್ರೆ ಇನ್ಮೇಲೆ ಈ ಬಾಗಿಲನ್ನ ಯಾರೂ ತಟ್ಟಲ್ಲ" ಎಂದರು.

ಫೋನಿನಲ್ಲಿ ಅಪ್ಪನಿಗೆ ಏನೂ ಕೇಳಿಸದು. ಮಾಡುವುದಾದರೆ ಅವಳೇ ಮಾಡಬೇಕು. ಅವಳು ಮಗುವನ್ನು ಮಲಗಿಸಿದಳು, ಒಣಗಿದ ಬಟ್ಟೆ ಮಡಚಿದಳು, ಮಡಚಿದ್ದನ್ನೇ ಮತ್ತೆ ಮಡಚಿದಳು. ನಿನಗೆ ಎಲ್ಲದಕ್ಕೂ ಗಾಬರಿ ಎನ್ನುತ್ತಾನೆ ಗಂಡ. ಈ ವಾರದಲ್ಲೇ ಮಗುವಿನ ಡಾಕ್ಟರಿಗೆ ಮೂರು ಸಲ ಫೋನು ಮಾಡಿದವಳು ತಾನು. ಇದೂ ಅಂಥದ್ದೇ ಇರಬಹುದೇ? ಒಂದು ಸಂಜೆ ತಾನೇ? ವಾಲ್ವು ಕೆಟ್ಟಿದೆ, ಇವತ್ತು ಹಾಕಬೇಡಿ ಎಂದರೆ ಹೇಗೆ? ಆದರೆ ವಾಲ್ವು ಕೆಟ್ಟಿದೆಯೆಂದರೆ ಎಂಥವರೂ ಒಮ್ಮೆ ಹಾಕಿಯೇ ನೋಡುತ್ತಾರೆ. ಹಾಕದಂತೆ ತಡೆಯುವ ಮಾತು ಒಂದೇ ಇತ್ತು, ಅದನ್ನು ಎಷ್ಟು ತಿರುಚಿದರೂ ಅಪ್ಪ ಅದರ ಹೊರಗೆ ಉಳಿಯುತ್ತಿರಲಿಲ್ಲ.

ಐದೂ ಕಾಲು. ಅವಳು ಕೋಣೆಯ ಬಾಗಿಲಲ್ಲೇ ನಿಂತು ನಂಬರು ಒತ್ತಿದಳು. ಮರೆಯಲ್ಲಿ ನಿಂತು ಮಾಡುವುದು ಇನ್ನೂ ದೊಡ್ಡ ದ್ರೋಹ ಅನ್ನಿಸಿತು.

"ನಾನು ವಾಲ್ವ್ ಮೇಷ್ಟ್ರ ಮಗಳು. ಆಂಪ್ಲಿಫೈಯರ್ ಆನ್ ಮಾಡಿದ್ದೀರಾ?"

"ಇಲ್ಲ, ಈಗಷ್ಟೇ ಹಾಲಿಗೆ ತಂದ್ವಿ. ಜೋಡಿಸ್ತಿದಾರೆ. ಯಾಕಕ್ಕ?"

"ಪ್ಲಗ್ ಹಾಕ್ಬೇಡಿ. ಒಳಗೆ ಅರ್ಥಿಂಗ್ ವೈರು ಕತ್ತರಿಸಿದೆ."

ಗಾಯಕಿ ನಕ್ಕಳು. "ಮೇಷ್ಟ್ರ ಡಬ್ಬೀಲಾ? ನಿಮಗ್ಯಾರೋ ತಪ್ಪು ಹೇಳಿದಾರೆ. ಅವರು ಸತ್ರೂ ಅಂಥದ್ದು ಮಾಡಲ್ಲ. ಬೇಕಾದ್ರೆ ಅವರನ್ನೇ ಕೇಳಿ ನೋಡಿ."

ಅಪ್ಪ ಸ್ಟೂಲಿನ ಮೇಲೆ ಕೂತು ಅವಳ ತುಟಿಗಳನ್ನೇ ನೋಡುತ್ತಿದ್ದರು.

"ಕೇಳಿದೆ" ಎಂದಳು ಅವಳು. "ಅವರೇ ಕತ್ತರಿಸಿದ್ದು."