ಮಹನಾಜ್ ಆರಿಸಿದ ವೆಲ್ಡರ್

ಮಹನಾಜ್ ಇರಾನಿನಿಂದ ಆಸ್ಟ್ರೇಲಿಯಾದ ನಮ್ಮ ಪುಟ್ಟ ಊರು ಕನೈವಾಕ್ಕೆ ಬಂದಾಗ ವರ್ಕ್‌ಶಾಪಿನಲ್ಲಿ ನಾವು ಆರೇ ಜನ. ನಾವು ಮಾಡುತ್ತಿದ್ದ ಬಿತ್ತನೆ ಯಂತ್ರದ ಹಲ್ಲುಗಳು ಕಲ್ಲುನೆಲಕ್ಕೆ ಒಂದೇ ಹಂಗಾಮಿನಲ್ಲಿ ಸವೆಯುತ್ತಿದ್ದವು. ರೈತರು ಬೇರೆ ಕಡೆ ಕೊಳ್ಳತೊಡಗಿದ್ದರು. ಲೋಹದ ವಿದ್ಯೆ ಬಲ್ಲವರು ಬೇಕೆಂದು ಒಡತಿ ಲೋರ್ನಾ ಎರಡು ವರ್ಷ ಹುಡುಕಿದರೂ ಮೆಲ್ಬರ್ನ್‌ನಿಂದ ಒಬ್ಬರೂ ಬಂದಿರಲಿಲ್ಲ. ಆ ವಿದ್ಯೆ ಕಲಿತು ಬಂದವಳು ಇವಳೊಬ್ಬಳೇ.

"ನಮ್ ಕೆಲ್ಸಕ್ಕೆ ಕುತ್ತು ಬಂತು ನೋಡ್ರೋ," ಅಂದೆ ನಾನು, ಅವಳಿಗೆ ಕೇಳುವ ಹಾಗೇ.

ಅವಳು ಕುಲುಮೆಯೊಳಗೆ ಇಣುಕುತ್ತಿದ್ದಳು. "ನೆವಿಲ್, ಇದರ ಬಾಗಿಲು ಸರಿಯಾಗಿ ಮುಚ್ಚಲ್ಲ. ಹಲ್ಲು ಸವೆಯೋದು ನಿಮ್ಮ ತಪ್ಪಲ್ಲ."

ಹದಿನಾಲ್ಕು ತಿಂಗಳು ಕಾಯಿಸಿದಳು, ತಣಿಸಿದಳು, ಮುರಿದು ನೋಡಿದಳು. ಹೊಸ ಹಲ್ಲು ಮೂರು ಹಂಗಾಮು ಬಾಳಿತು. ದೂರದ ಪರ್ತ್‌ನಿಂದಲೂ ಆರ್ಡರ್ ಬಂದವು. ಆರು ಜನ ಹತ್ತೊಂಬತ್ತಾದೆವು. ಐವತ್ತೆಂಟರಲ್ಲಿ ಮನೆ ಸೇರಬೇಕಿದ್ದ ನಾನು ಲೇತ್ ವಿಭಾಗಕ್ಕೆ ಮೇಸ್ತ್ರಿಯಾದೆ.

ಊರು ಅವಳನ್ನು ಕೆಟ್ಟದಾಗೇನೂ ನಡೆಸಿಕೊಳ್ಳಲಿಲ್ಲ. "ನಿಮ್ಮಲ್ಲಿ ಒಂಟೆ ಇದ್ಯಾ?" ಅಂತ ಕೇಳಿದವರಿಗೆ, "ನಿಮ್ಮ ದೇಶದಲ್ಲೇ ಜಾಸ್ತಿ ಇದಾವೆ," ಅನ್ನುತ್ತಿದ್ದಳು. ಆದರೆ ಊಟ ಮಾತ್ರ ಹೊರಗೆ, ಕಾರಿನಲ್ಲಿ ಒಬ್ಬಳೇ.

"ಒಳಗೆ ಬಾರಮ್ಮ," ಎಂದೆ ಒಂದು ದಿನ.

"ನೀವು ನಕ್ಕಾಗ, ಯಾಕೆ ಅಂತ ಮನಸ್ಸಲ್ಲೇ ಅನುವಾದ ಮಾಡ್ಕೋಬೇಕು ನೆವಿಲ್. ಅಷ್ಟರಲ್ಲಿ ನಿಮ್ಮ ನಗು ಮುಗ್ದಿರತ್ತೆ."

ಹೋದ ವರ್ಷ ಇನ್ನೊಬ್ಬ ವೆಲ್ಡರ್ ಬೇಕಾಯಿತು. ಆರಿಸುವ ಕೆಲಸವನ್ನು ಲೋರ್ನಾ ಅವಳಿಗೇ ಬಿಟ್ಟಳು. ಜೊತೆಗೆ ನಾನು ಕೂತೆ. ಕೊನೆಗೆ ಇಬ್ಬರು ಉಳಿದರು: ಫಿಲಿಪೀನ್ಸ್‌ನ ಅರ್ನೆಲ್, ಅಡಿಲೇಡ್‌ನಲ್ಲಿದ್ದ ಬೆಹ್ರೂಜ್. ಬೆಹ್ರೂಜ್ ಅವಳ ಊರು ಕೆರ್ಮಾನಿನವನೇ. ಫೋನಿನಲ್ಲಿ ಅವನ ಪರ್ಷಿಯನ್ ಕೇಳಿದ್ದೇ ತಡ, ಅವಳ ದನಿಯೇ ಬೇರೆಯಾಯಿತು. ಬೇಗ ಬೇಗ ಮಾತಾಡಿದಳು, ಕೈ ಆಡಿಸಿದಳು, ಗೊಳ್ಳೆಂದು ನಕ್ಕಳು. ನಾಲ್ಕು ವರ್ಷದಲ್ಲಿ ಆ ನಗು ನಾನು ಕೇಳಿರಲಿಲ್ಲ. ಹತ್ತು ನಿಮಿಷದ ಮಾತು ಒಂದು ಗಂಟೆಯಾಯಿತು. ನಾನು ಗಡಿಯಾರ ನೋಡಲಿಲ್ಲ.

ಫೋನಿಟ್ಟು ಇಬ್ಬರೂ ಕಳಿಸಿದ್ದ ಬೆಸುಗೆಯ ತುಂಡುಗಳನ್ನು ಬೆಳಕಿಗೆ ಹಿಡಿದಳು. ತುಂಬ ಹೊತ್ತು ನೋಡಿದಳು.

"ಅರ್ನೆಲ್," ಅಂದಳು.

"ಬೆಹ್ರೂಜ್‌ಗೆ ನಾವು ಕಲಿಸಬಹುದಲ್ವಾ?" ಅಂದೆ.

"ಅವನ ಬೆಸುಗೆ ಹೊಲದಲ್ಲಿ ಬಿರುಕು ಬಿಡತ್ತೆ. ನಿಮಗೂ ಕಾಣಿಸ್ತಿದೆ."

ಕಾಣಿಸುತ್ತಿತ್ತು.

ಬೆಹ್ರೂಜ್‌ಗೆ ಅವಳೇ ಫೋನ್ ಮಾಡಿ ಹೇಳಿದಳು. ಎರಡೇ ನಿಮಿಷ. ಅರ್ನೆಲ್ ಹೆಂಡತಿ, ಮೂರು ಮಕ್ಕಳೊಂದಿಗೆ ಬಂದ. ಮಕ್ಕಳು ಹೆಚ್ಚಿದ್ದರಿಂದ ಊರಿನ ಶಾಲೆಗೆ ಇನ್ನೊಬ್ಬ ಟೀಚರ್ ಸಿಕ್ಕಿದರು. ಅರ್ನೆಲ್ ಮನೆಯಿಂದ ಭಾನುವಾರ ಹಾಡು ಕೇಳುತ್ತದೆ. ಮಹನಾಜ್ ಎರಡು ಸಲ ಅಲ್ಲಿಗೆ ಊಟಕ್ಕೆ ಹೋಗಿದ್ದಳಂತೆ.

"ಹೇಗಿತ್ತು?" ಅಂದೆ.

"ಊಟ ಚೆನ್ನಾಗಿತ್ತು," ಅಂದಳು. "ಎಲ್ರೂ ಅವರ ಭಾಷೇಲಿ ಮಾತಾಡ್ತಿದ್ರು."