ಬೂದಿ ತಿಪ್ಪೆಗೆ ಬೆನ್ನು ಮಾಡಿ ಕುಳಿತವರು

ಲೆಸೊಥೊದ ಬೆಟ್ಟಸೀಮೆಯಲ್ಲಿ ಹಾಳೂರುಗಳ ಗುರುತು ಹಿಡಿಯುವುದನ್ನೇ ಒಂದು ವಿದ್ಯೆಯಾಗಿ ಬೆಳೆಸಿದವರಲ್ಲಿ, ಈ ತಿಂಗಳು ವಸ್ತುಸಂಗ್ರಹಾಲಯದ ಸೇವೆಯಿಂದ ನಿವೃತ್ತರಾಗುತ್ತಿರುವ ಶ್ರೀ ಫಕಿಸೊ ಮೊಖೆಲೆಯವರದು ಮೊದಲ ಸಾಲಿನ ಹೆಸರು. ಕತ್ತಾಳೆ ಸುತ್ತುಗಟ್ಟಿ ಬೆಳೆದಿದ್ದರೆ ಅಲ್ಲೊಂದು ದನದ ದೊಡ್ಡಿಯಿತ್ತೆಂದೂ, ಹುಲ್ಲು ಹೆಚ್ಚು ಹಸಿರಾಗಿದ್ದರೆ ಅದು ಮನೆಯ ಹಿತ್ತಿಲೆಂದೂ ಕುದುರೆಯ ಮೇಲಿಂದಲೇ ಹೇಳಬಲ್ಲವರು ಅವರು.

ಮೊಹ್ಲಾಕೆಂಗ್ ಹೊಳೆಗೆ ಅಣೆಕಟ್ಟು ಎದ್ದಾಗ, ಕಣಿವೆಯ ಹಾಳೂರುಗಳ ಸಮಾಧಿಗಳನ್ನು ಎತ್ತರದ ನೆಲಕ್ಕೆ ಸಾಗಿಸುವ ಹೊಣೆ ಅವರ ಮೇಲೆ ಬಿತ್ತು. ದೊಡ್ಡಿಯೊಳಗೆ ಹೂತಿದ್ದ ಯಜಮಾನರನ್ನೆಲ್ಲ ಮರ್ಯಾದೆಯಿಂದ ಎಬ್ಬಿಸಿ, ಪದ್ಧತಿಯಂತೆ ಎತ್ತು ಕೊಯ್ದು, ಮೇಲೆ ಮಲಗಿಸಿದರು. ಮನೆಮನೆಯ ಮುಂದಿದ್ದ ಬೂದಿ ತಿಪ್ಪೆಯನ್ನು ಮಾತ್ರ ಮುಟ್ಟದೆ ಬಳಸಿಕೊಂಡು ಹೋದರು. ಅದು ಹೆಂಗಸರ ಜಾಗ. ಅಲ್ಲಿ ಏನಿದೆಯೆಂದು ಗಂಡಸು ಕೇಳಬಾರದೆಂಬುದನ್ನು ಅವರು ಬಾಲ್ಯದಲ್ಲೇ ಕಲಿತಿದ್ದರು.

ನೀರು ತುಂಬಿದ ಮೇಲೆ, ಮುಳುಗಿದ ಊರೊಂದರ ಮುದುಕಿ ಮಾಕೆನೇವೆ ಮೊಖೆಲೆಯವರ ಕಚೇರಿಗೆ ಬಂದರು.

"ಗಂಡಸರನ್ನೆಲ್ಲ ಕಂಬಳಿ ಹೊದಿಸಿ ಕರ್ಕೊಂಡ್ ಬಂದ್ರಂತೆ, ನ್ತಾತೆ ಮೊಖೆಲೆ. ನನ್ ಕೂಸನ್ನ ಯಾಕೆ ಬಿಟ್ರಿ?"

"ಯಾವ ಕೂಸಮ್ಮಾ?"

"ಹುಟ್ತಾನೇ ಹೋಯ್ತಲ್ಲ, ಅದು. ಬೂದೀಲಿ ಇಟ್ಟಿದ್ವಿ."

"ಮೊದ್ಲೇ ಹೇಳ್ಬಾರ್ದಿತ್ತಾ?"

"ಗಂಡಸಿಗಾ? ನನ್ ಗಂಡನೇ ಗೊತ್ತಿಲ್ದೆ ಸತ್ತ, ನಿಮಗೆ ಹೇಳ್ತೀನಾ! ನಿಮ್ಮಮ್ಮನ್ನಾದ್ರೂ ಕೇಳ್ಬೇಕಿತ್ತು."

ಮೊಖೆಲೆಯವರು ಆಕೆಯನ್ನು ದೋಣಿಯಲ್ಲಿ ಕರೆದೊಯ್ದರು. ಎದುರು ಬೆಟ್ಟದ ಬಿರುಕನ್ನೂ ದಡದಲ್ಲುಳಿದ ಕತ್ತಾಳೆಯನ್ನೂ ಗುರುತಿಟ್ಟು ದೋಣಿ ನಿಲ್ಲಿಸಿದ ಕಡೆ, ಆಕೆ ಕಂಬಳಿಯ ತುದಿಯಲ್ಲಿ ಕಟ್ಟಿ ತಂದಿದ್ದ ಒಲೆಯ ಬೂದಿಯನ್ನು ನೀರಿಗೆ ಬಿಟ್ಟರು.

"ತಣ್ಣಗಿರ್ಲಿ ಅಂತ ಬೂದೀಲಿ ಇಟ್ಟಿದ್ವಿ," ಎಂದರು. "ಈಗ ತೀರಾ ತಣ್ಣಗಾಯ್ತು."

ಮೊಖೆಲೆಯವರು ಟೋಪಿ ತೆಗೆದು ಮಡಿಲಲ್ಲಿಟ್ಟುಕೊಂಡು ಕುಳಿತಿದ್ದರು.

ಅಂದಿನಿಂದ ಯಾವ ಹಾಳೂರಿಗೆ ಹೋದರೂ ಅಲ್ಲಿ ಬಾಳಿದ ಹೆಂಗಸರನ್ನು ಹುಡುಕಿ ಕರೆತರುವುದು ಅವರ ಮೊದಲ ಕೆಲಸವಾಯಿತು. ಹೆಂಗಸರು ತಿಪ್ಪೆ ಅಗೆಯುವಷ್ಟು ಹೊತ್ತೂ ಅವರು ದೊಡ್ಡಿಯ ಗೋಡೆಯ ಮೇಲೆ ಬೆನ್ನು ಮಾಡಿ ಕುಳಿತಿರುತ್ತಿದ್ದರು. ಪುಟ್ಟ ಗಂಟುಗಳನ್ನು ಹೊತ್ತ ಹೆಂಗಸರು ಮುಂದೆ ಹೋದ ಮೇಲಷ್ಟೇ ಏಳುತ್ತಿದ್ದರು.

ಈಗ ಮೇಲಿನ ಕಣಿವೆಗೂ ನೀರು ಬರಲಿದೆ. ನಿವೃತ್ತಿಯ ನಂತರ ಅಲ್ಲಿಗೆ ಹೋಗುತ್ತಾರಂತೆ. ಅವರು ಹುಟ್ಟಿದ, ಇಂದು ಗೋಡೆಗಳಷ್ಟೇ ಉಳಿದಿರುವ ಊರು ಇರುವುದೂ ಅಲ್ಲಿಯೇ. ತಾಯಿ ಈಗಿಲ್ಲ, ಆ ಮನೆಯ ತಿಪ್ಪೆಯಲ್ಲಿ ಯಾರಿದ್ದಾರೆಂದು ಬಲ್ಲವರು ಹಾಸಿಗೆ ಹಿಡಿದಿರುವ ಸೋದರತ್ತೆಯೊಬ್ಬರೇ. ಆ ಅತ್ತೆಗೂ ಮೊಖೆಲೆಯವರಿಗೂ ಆಯುಸ್ಸು ಗಟ್ಟಿಯಾಗಿರಲಿ, ನೀರು ನಿಧಾನವಾಗಿ ಬರಲಿ.